ಮೊದ್ಲು ಲೈನ್ ಹೇಳಿ, ಆಮೇಲೆ ಮನೆ ಕೇಳಿ

ಹೋದ ಸಂಚಿಕೆಯಲ್ಲಿ ಒಬ್ರು ಮುಂಬೈನಲ್ಲಿ ಕಡಿಮೆ ಬಾಡಿಗೆಗೆ ಎಲ್ಲಿ ಇರಬಹುದು ಅಂತ ಕೇಳಿದ್ರು, ನಾನು ಎರಡು ಸಾಲು ಉತ್ತರ ಕೊಟ್ಟೆ, ಅದೇ ತಪ್ಪಾಯ್ತು ನೋಡಿ. ಈ ಸಲ ಬಂದ ಪತ್ರ, ಮೆಸೇಜು ಎಲ್ಲಾ ಮನೆದೇ. ಮಗನ ಮದುವೆ ಬಗ್ಗೆ ಕೇಳೋ ಖಾಯಂ ಓದುಗರೂ ಈ ಸಲ ಮನೆ ಬಗ್ಗೆ ಕೇಳಿದಾರೆ. ಹಾಗಾಗಿ ಈ ತಿಂಗಳ ಕಾಲಂ ಪೂರ್ತಿ ಅದಕ್ಕೇ ಬಿಟ್ಟಿದೀನಿ. ನಾನು 1991ರಲ್ಲಿ, ಕೊಂಕಣ ರೈಲು ಇನ್ನೂ ಇಲ್ಲದ ಕಾಲದಲ್ಲಿ, ಬಸ್ಸಲ್ಲಿ ಸೊಂಟ ಮುರ್ಕೊಂಡು ಬಂದವ. ಘಾಟ್ಕೋಪರಿನಲ್ಲಿ ಮಾವನ ಹೋಟೆಲಿನ ಅಟ್ಟದಲ್ಲಿ ಮಲಗಿ ಶುರು ಮಾಡಿದ್ದು, ಆಮೇಲೆ ಹದಿನಾಲ್ಕು ವರ್ಷ ಡೊಂಬಿವಲಿ, ಈಗ ಖಾರ್ಘರ್. ಅಂದ್ರೆ ಸಸ್ತಾ ಏರಿಯಾಗಳ ವಿಷ್ಯದಲ್ಲಿ ನಂದು ಓದಿದ ಜ್ಞಾನ ಅಲ್ಲ, ಒದ್ದಾಡಿದ ಜ್ಞಾನ.

ಪ್ರಶ್ನೆ: ನಮಸ್ಕಾರ. ನನ್ನ ಮಗನಿಗೆ ಅಂಧೇರಿ ಎಂಐಡಿಸಿ (ಸರಕಾರಿ ಕೈಗಾರಿಕಾ ಪ್ರದೇಶ) ಹತ್ರ ಕೆಲಸ ಆಗಿದೆ, ಕೈಗೆ 32 ಸಾವಿರ ಬರ್ತದಂತೆ. ಅವನ ಫ್ರೆಂಡು ನಾಲಾಸೋಪಾರದಲ್ಲಿ ರೂಮು ಚೀಪಾಗಿ ಸಿಗ್ತದೆ ಅಂತಾನೆ. ನಮ್ಮ ನೆಂಟರೊಬ್ರು ಅಲ್ಲಿಗೆ ಮಾತ್ರ ಕಳಿಸ್ಬೇಡಿ ಅಂತ ಹೆದ್ರಿಸ್ತಾ ಇದ್ದಾರೆ. ಎಂತ ಮಾಡುದು?
— ಒಬ್ಬ ತಾಯಿ, ಬೈಂದೂರು

ಉತ್ತರ: ಅಕ್ಕಾ, ಆ ನೆಂಟರು ಲೋಕಲ್ ರೈಲಿನ ಯಾವ ಲೈನಲ್ಲಿ, ಅಂದ್ರೆ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಈ ಮೂರು ಹಳಿಗಳಲ್ಲಿ ಯಾವುದರ ಪಕ್ಕ ಇದ್ದಾರೆ ಅಂತ ಮೊದ್ಲು ಕೇಳಿ. ಸೆಂಟ್ರಲ್ ಲೈನಿನವ್ರಿಗೆ ವಿರಾರ್ ಗಾಡಿ ಅಂದ್ರೆ ಯಮಲೋಕ, ವೆಸ್ಟರ್ನ್ ಲೈನಿನವ್ರಿಗೆ ಕಲ್ಯಾಣ್ ಗಾಡಿ ಅಂದ್ರೆ ಯಮಲೋಕ, ಇಬ್ರ ಮಾತಲ್ಲೂ ಅರ್ಧ ಸತ್ಯ ಇದೆ.

ಮುಂಬೈ ಅನ್ನೋದು ಉದ್ದಕ್ಕೆ ಮಲಗಿರೋ ಊರು. ಮೂರು ಕಡೆ ನೀರು, ಬೆಳೆಯೋಕೆ ಉತ್ತರಕ್ಕೆ ಹೋಗ್ಬೇಕು ಇಲ್ಲಾ ಖಾಡಿ (ಒಳಕ್ಕೆ ಚಾಚಿದ ಸಮುದ್ರದ ನೀರು) ದಾಟಿ ಪೂರ್ವಕ್ಕೆ ಹೋಗ್ಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಇಲ್ಲಿ ಸಸ್ತಾ ಮನೆ ಅಂದ್ರೆ ಯಾವಾಗ್ಲೂ ಮೂರು ಹಳಿಗಳ ಕೊನೆ ತುದಿ. ವೆಸ್ಟರ್ನಲ್ಲಿ ಮೀರಾರೋಡ್ ದಾಟಿ ನಾಯ್‌ಗಾಂವ್, ವಸಾಯಿ, ನಾಲಾಸೋಪಾರ, ವಿರಾರ್. ಸೆಂಟ್ರಲಲ್ಲಿ ಠಾಣೆ ದಾಟಿ ದಿವಾ, ಡೊಂಬಿವಲಿ, ಕಲ್ಯಾಣ್, ಅಂಬರ್‌ನಾಥ್, ಬದ್ಲಾಪುರ. ಹಾರ್ಬರಲ್ಲಿ ವಾಶಿ ಸೇತುವೆ ದಾಟಿ ಖಾರ್ಘರ್, ಕಾಮೋಠೆ, ಪನ್ವೇಲ್, ಈಚೆಗೆ ಉಲ್ವೆ. ಕೆಲಸ ಯಾವ ಲೈನಲ್ಲಿದೆಯೋ ಮನೆನೂ ಅದೇ ಲೈನಲ್ಲಿ ಇರ್ಬೇಕು, ಇದನ್ನ ಮಗನ ಅಂಗೈ ಮೇಲೆ ಬರೆದು ಕಳಿಸಿ. ಎರಡು ಸಾವಿರ ಬಾಡಿಗೆ ಉಳಿಯುತ್ತೆ ಅಂತ ಬೇರೆ ಲೈನಲ್ಲಿ ಮನೆ ಹಿಡಿದು ದಿನಾ ದಾದರ್ ಬ್ರಿಜ್ಜಿನ ಮೇಲೆ ಗಾಡಿ ಬದಲಾಯಿಸ್ತಾ ಇದ್ರೆ ಆ ಎರಡು ಸಾವಿರ ಡಾಕ್ಟ್ರಿಗೆ ಹೋಗುತ್ತೆ.

ನಿಮ್ಮ ಮಗನ ಲೆಕ್ಕದಲ್ಲಿ ನಾಲಾಸೋಪಾರ ತಪ್ಪಲ್ಲ. ಅಂಧೇರಿ ಅದೇ ವೆಸ್ಟರ್ನ್ ಲೈನ್, ಅಲ್ಲಿ ಇಳಿದು ಮೇಲೆ ಹತ್ತಿದ್ರೆ 2014ರಿಂದ ಓಡ್ತಾ ಇರೋ ಘಾಟ್ಕೋಪರ್ ಮೆಟ್ರೋ, ಎಂಐಡಿಸಿ ಕಡೆಗೆ ಎರಡು-ಮೂರು ಸ್ಟೇಷನ್ ಅಷ್ಟೆ. ಅಂಧೇರಿಯಲ್ಲೇ ಒನ್ ಬಿಎಚ್‌ಕೆ ಕೇಳಿದ್ರೆ ಅವನ ಪೂರ್ತಿ ಸಂಬಳ ಕೊಟ್ರೂ ಬ್ರೋಕರ್ ತಲೆ ಎತ್ತಿ ನೋಡಲ್ಲ, ನಾಲಾಸೋಪಾರದಲ್ಲಿ ಅದರ ಮೂರನೇ ಒಂದು ಭಾಗ ಸಾಕು, ಇಬ್ರು ಹಂಚ್ಕೊಂಡ್ರೆ ಇನ್ನೂ ಹಗುರ. ಕಷ್ಟ ಇರೋದು ಗಾಡಿ ಹತ್ತೋದ್ರಲ್ಲಿ. ಬೆಳಿಗ್ಗೆ ವಿರಾರಿಂದ ಬರೋ ಫಾಸ್ಟ್ ಲೋಕಲ್ ನಾಲಾಸೋಪಾರಕ್ಕೆ ಬರೋಷ್ಟರಲ್ಲೇ ತುಂಬಿರುತ್ತೆ. ಅದಕ್ಕೆ ಅಲ್ಲಿನ ಜನ ಏನ್ ಮಾಡ್ತಾರೆ ಅಂದ್ರೆ ಉಲ್ಟಾ ಗಾಡಿ ಹಿಡಿದು ಒಂದು ಸ್ಟೇಷನ್ ಹಿಂದಕ್ಕೆ ವಿರಾರಿಗೆ ಹೋಗಿ, ಅದೇ ಗಾಡಿ ತಿರುಗಿ ಹೊರಡುವಾಗ ಸೀಟಲ್ಲಿ ಕೂತೇ ಬರ್ತಾರೆ, ಇದಕ್ಕೆ ಡೌನ್ ರಿಟರ್ನ್ ಅಂತ ಹೆಸರು. ಆದ್ರೆ ಪಾಸು ವಿರಾರ್ ತನಕ ಮಾಡಿಸಿರ್ಬೇಕು, ಇಲ್ಲಾಂದ್ರೆ ಟೀಸಿ ಹಿಡಿದ್ರೆ ದಂಡ. ಬಾಗಿಲಲ್ಲಿ ನೇತಾಡೋದು ಮಾತ್ರ ಬೇಡ ಅಂತ ಕಟ್ಟುನಿಟ್ಟಾಗಿ ಹೇಳಿ. 2025ರ ಜೂನಲ್ಲಿ ಮುಂಬ್ರಾ ಹತ್ರ ಎದುರುಬದುರು ಹೋಗ್ತಿದ್ದ ಲೋಕಲ್‌ಗಳ ಬಾಗಿಲಲ್ಲಿದ್ದವ್ರು ಬಿದ್ದು ಸತ್ರಲ್ಲ, ಅವ್ರೆಲ್ಲ ಹೀಗೇ ಆಫೀಸಿಗೆ ಹೊರಟವ್ರೇ.

ಇನ್ನೊಂದು ವಿಷ್ಯ, ಮನೆ ನೋಡೋಕೆ ಹೋದಾಗ ಬ್ರೋಕರ್ ಹತ್ರ ಮಾತಾಡ್ಬೇಡಿ, ಕೆಳಗೆ ವಾಚ್‌ಮನ್ ಹತ್ರ ಮಾತಾಡಿ. ನೀರು ದಿನಕ್ಕೆ ಎಷ್ಟೊತ್ತು, ಟ್ಯಾಂಕರ್ ವಾರಕ್ಕೆ ಎಷ್ಟು, ಅದರ ದುಡ್ಡು ಮೇಂಟೆನೆನ್ಸಲ್ಲಿ ಇದೆಯಾ ಬೇರೆನಾ, ಮಳೆಗಾಲದಲ್ಲಿ ಗೇಟಿನ ತನಕ ನೀರು ಬರುತ್ತಾ, ಎಲ್ಲಾ ಅವನಿಗೆ ಗೊತ್ತು, ಸುಳ್ಳು ಹೇಳೋಕೆ ಅವನಿಗೆ ಕಮಿಷನ್ ಇಲ್ಲ. ನಾಲಾಸೋಪಾರದಲ್ಲಿ ಜೋರು ಮಳೆ ಬಂದ್ರೆ ಹಳಿ ಮೇಲೂ ನೀರು ನಿಲ್ಲುತ್ತೆ, ಗಾಡಿ ನಿಲ್ಲುತ್ತೆ, ಆ ದಿನ ರಜೆ ಅಂತ ಲೆಕ್ಕ ಇಟ್ಕೊಳ್ಳಿ. ಕೈಯಲ್ಲಿ ಇನ್ನೆರಡು ಸಾವಿರ ಜಾಸ್ತಿ ಇದ್ರೆ ವಸಾಯಿ ವೆಸ್ಟ್ ನೋಡಿ, ಹಳೇ ಊರು, ಕೋಟೆ, ಇಗರ್ಜಿ, ಬಾಳೆತೋಟ ಎಲ್ಲಾ ಉಂಟು, ನಿಮಗೆ ಬಂದು ನೋಡಿದ್ರೆ ಊರಿನ ನೆನಪಾಗುತ್ತೆ.

ಪ್ರಶ್ನೆ: ಸರ್, ಮನೆ ಮಾಲಕ 100 ರೂಪಾಯಿ ಸ್ಟ್ಯಾಂಪ್ ಪೇಪರ್ ಮ್ಯಾಲ 11 ತಿಂಗಳ ಬರಕೊಡ್ತೀನಿ, 11 ತಿಂಗಳಾದ್ರ ರಜಿಸ್ಟರ್ ಬ್ಯಾಡ ಅಂತಾನ್ರಿ. ಖರೇನ?
— ಓದುಗ, ಗೋಕಾಕ

ಉತ್ತರ: ನಮ್ಮ ಕರ್ನಾಟಕದ ರೂಢಿ ಅದು, ಮಹಾರಾಷ್ಟ್ರದಲ್ಲಿ ನಡೆಯಲ್ಲ ರೀ. ಅಲ್ಲಿನ 1999ರ ಬಾಡಿಗೆ ಕಾಯ್ದೆ 55ನೇ ಸೆಕ್ಷನ್ ಪ್ರಕಾರ ಲೀವ್ ಆಂಡ್ ಲೈಸೆನ್ಸ್ ಅಗ್ರಿಮೆಂಟ್, ಅಂದ್ರೆ ಇಲ್ಲಿ ಮನೆ ಬಾಡಿಗೆಗೆ ಕೊಡೋ ಕರಾರು, ಎಷ್ಟೇ ತಿಂಗಳಿದ್ರೂ ಬರವಣಿಗೆಯಲ್ಲಿರ್ಬೇಕು, ರಿಜಿಸ್ಟರ್ ಆಗ್ಲೇಬೇಕು, ಮಾಡ್ಸೋ ಜವಾಬ್ದಾರಿನೂ ಮಾಲಕಂದೇ. ಮಾಡ್ಸದೆ ಇದ್ದು ನಾಳೆ ಜಗಳ ಆದ್ರೆ ಬಾಡಿಗೆದಾರ ಹೇಳಿದ ಷರತ್ತನ್ನೇ ಸತ್ಯ ಅಂತ ಹಿಡೀತಾರೆ, ಇದನ್ನ ಮಾಲಕನಿಗೆ ಮೆಲ್ಲಗೆ ಹೇಳಿ ನೋಡಿ, ತಾನಾಗೇ ರಿಜಿಸ್ಟರಿಗೆ ಓಡ್ತಾನೆ. ಖರ್ಚು ದೊಡ್ಡದಲ್ಲ, ಸ್ಟ್ಯಾಂಪ್ ಡ್ಯೂಟಿ ಕಾಲು ಪರ್ಸೆಂಟ್, ನಗರದಲ್ಲಿ ರಿಜಿಸ್ಟ್ರೇಷನ್ ಫೀ 1000 ರೂಪಾಯಿ, ಮನೆಯಲ್ಲೇ ಕೂತು ಹೆಬ್ಬೆರಳು ಒತ್ತಿ ಆನ್‌ಲೈನಲ್ಲಿ ಮುಗಿಯುತ್ತೆ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಕೊಡ್ಬೇಕು, ಅದನ್ನ ಯಾವ ಕಾಯ್ದೆನೂ ತಪ್ಪಿಸಲ್ಲ. ಲಾಕ್ ಇನ್ ಪೀರಿಯಡ್ ಎಷ್ಟು ತಿಂಗಳು ಬರ್ದಿದ್ದಾರೆ ಅಂತ ಮಾತ್ರ ಓದಿ ಸೈನ್ ಮಾಡಿ, ಆರು ತಿಂಗಳು ಅಂತಿದ್ರೆ ಮಧ್ಯದಲ್ಲಿ ಬಿಟ್ರೂ ಆರು ತಿಂಗಳ ಬಾಡಿಗೆ ಕೇಳ್ತಾರೆ.

ಪ್ರಶ್ನೆ: ನಮಸ್ಕಾರ್ರಿ ಸರ್. ನನಗ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಟ್ರಾನ್ಸ್‌ಫರ್ ಆಗ್ಯಾದ. ಮನ್ಯಾಗ ಹೆಂಡ್ತಿ, ಎರಡು ಸಣ್ಣ ಮಕ್ಕಳು, ವಯಸ್ಸಾದ ತಾಯಿ. ಡೊಂಬಿವಲಿ ಛಲೋನೋ ಉಲ್ವೆ ಛಲೋನೋ? ಉಲ್ವೆದಾಗ ಮನಿ ಹೊಸಾವು, ದೊಡ್ಡವು ಅದಾವ ಅಂತ ಕೇಳೀನಿ.
— ಕಲಬುರಗಿ ಓದುಗ

ಉತ್ತರ: ಸರ್, ನಿಮಗೆ ಡೊಂಬಿವಲಿ. ಯಾಕೆ ಅಂತ ಹೇಳ್ತೀನಿ, ಆಮೇಲೆ ಡೊಂಬಿವಲಿಯ ಹುಳುಕೂ ಹೇಳ್ತೀನಿ, ಹದಿನಾಲ್ಕು ವರ್ಷ ಇದ್ದವನಿಗೆ ಅಷ್ಟು ಹಕ್ಕಿದೆ.

ಡೊಂಬಿವಲಿಯಿಂದ ಕುರ್ಲಾ ನೇರ ಗಾಡಿ, ಅಲ್ಲಿಂದ ಕಾಂಪ್ಲೆಕ್ಸಿಗೆ ಬಸ್ಸು, ಶೇರ್ ರಿಕ್ಷಾ ಸಾಲುಗಟ್ಟಿ ನಿಂತಿರ್ತವೆ. ಡೊಂಬಿವಲಿಯಿಂದಲೇ ಹೊರಡೋ ಲೋಕಲ್‌ಗಳೂ ಇದಾವೆ, ಹತ್ತು ನಿಮಿಷ ಮುಂಚೆ ಹೋದ್ರೆ ಸೀಟು ಸಿಗುತ್ತೆ, ನಾಲ್ಕನೇ ಸೀಟಾದ್ರೂ ಸಿಗುತ್ತೆ. ನಾಲ್ಕನೇ ಸೀಟು ಅಂದ್ರೆ ಮೂರು ಜನರ ಬೆಂಚಿಗೆ ನಾಲ್ಕನೆಯವನಾಗಿ ಅರ್ಧ ಅಂಡು ಊರೋದು, ಬಂದ ಮೇಲೆ ಕಲೀತೀರಿ. ಊರಿಗೆ ಹೋಗೋದೂ ಸಲೀಸು, ಉದ್ಯಾನ್ ಎಕ್ಸ್‌ಪ್ರೆಸ್ ಪಕ್ಕದ ಕಲ್ಯಾಣಲ್ಲಿ ನಿಂತು ಸೊಲ್ಲಾಪುರ ದಾಟಿ ಸೀದಾ ಕಲಬುರಗಿಗೆ ಹೋಗುತ್ತೆ, ತಾಯಿನ ಕರ್ಕೊಂಡು ಸಿಎಸ್‌ಎಂಟಿ (ಹಳೇ ವಿಟಿ ಸ್ಟೇಷನ್) ತನಕ ಲಗೇಜ್ ಹೊರೋ ಕೆಲಸ ಇಲ್ಲ. ಊರು ಮರಾಠಿ ಮಧ್ಯಮ ವರ್ಗದವ್ರದ್ದು, ಗುಡಿಪಾಡ್ವ, ದೀಪಾವಳಿಗೆ ಫಡ್ಕೆ ರೋಡಲ್ಲಿ ಹೊಸ ಬಟ್ಟೆ ಹಾಕ್ಕೊಂಡು ಇಡೀ ಊರು ಸೇರುತ್ತೆ. ಕನ್ನಡಿಗರಿಗೂ ಹಳೇ ಜಾಗ, ಅಲ್ಲಿನ ಕರ್ನಾಟಕ ಸಂಘ ಮಂಜುನಾಥ ಹೆಸರಲ್ಲಿ ಶಾಲೆ, ಕಾಲೇಜು ಎಲ್ಲಾ ನಡೆಸುತ್ತೆ. ನಿಮ್ಮ ತಾಯಿಗೆ ಮಾತಾಡೋಕೆ ಜನ ಸಿಕ್ತಾರೆ, ಇದನ್ನ ಯಾವ ಬ್ರೋಕರೂ ರೇಟಿನಲ್ಲಿ ಹಿಡಿಯಲ್ಲ ಆದ್ರೆ ನಾನು ಹಿಡೀತೀನಿ. ಉಲ್ವೆಯ ಹತ್ತನೇ ಮಹಡಿಯ ದೊಡ್ಡ ಹಾಲಲ್ಲಿ ವಯಸ್ಸಾದವ್ರು ಇಡೀ ದಿನ ಒಬ್ರೇ ಕೂತ್ಕೊಂಡು ಕ್ರೇನ್ ನೋಡ್ತಾ ಇರೋದನ್ನ ಕಣ್ಣಾರೆ ಕಂಡಿದೀನಿ.

ಈಗ ಹುಳುಕು. ಎಂಐಡಿಸಿ ಕಡೆ ಹೋಗ್ಬೇಡಿ. ರಾಸಾಯನಿಕ ಕಾರ್ಖಾನೆಗಳ ಮಗ್ಗುಲಲ್ಲೇ ವಸತಿ, 2016ರ ಮೇನಲ್ಲಿ ಒಂದು ದೊಡ್ಡ ಸ್ಫೋಟ, 2024ರ ಮೇನಲ್ಲಿ ಇನ್ನೊಂದು, ಜನ ಸತ್ರು, ಮೈಲಿಗಟ್ಟಲೆ ಕಿಟಕಿ ಗಾಜು ಉದುರಿದ್ವು. 2020ರಲ್ಲಿ ಒಂದು ರಸ್ತೆ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಬಾಡಿಗೆ ಕಡಿಮೆ ಇರೋದು ಸುಮ್ನೆ ಅಲ್ಲ. ವೆಸ್ಟಲ್ಲಿ ಖಾಡಿ ಹತ್ರ ಗ್ರೌಂಡ್ ಫ್ಲೋರ್ ತಗೊಳ್ಬೇಡಿ. ನಂಗೆ ಒಬ್ಬ ಬ್ರೋಕರ್ ಸ್ಟೇಷನ್ನಿಂದ ಐದೇ ನಿಮಿಷ ಅಂತ ಹೇಳಿ ಅಂಥದ್ದೊಂದು ಹಿಡಿಸಿದ್ದ, ಐದು ನಿಮಿಷ ಅನ್ನೋದು ಅವನ ಬೈಕಿನ ಲೆಕ್ಕ ಅಂತ ಮೊದಲ ದಿನವೇ ಗೊತ್ತಾಯ್ತು, ನೀರಿನ ಲೆಕ್ಕ ಗೊತ್ತಾಗಿದ್ದು 2005ರ ಜುಲೈ 26ಕ್ಕೆ. ಆವತ್ತು ಸಾಂತಾಕ್ರೂಜಲ್ಲಿ 944 ಮಿಲಿಮೀಟರ್ ಮಳೆ ಅಂತ ಎಲ್ಲರಿಗೂ ನೆನಪಿದೆ, ಈ ಕಡೆ ಉಲ್ಹಾಸ್ ನದಿ ಉಕ್ಕಿ ನಮ್ಮ ಬೀದಿಗೆ ಬಂದಿದ್ದು ನಮಗೆ ಮಾತ್ರ ನೆನಪು. ಫ್ರಿಜ್ಜು ಮನೆಯೊಳಗೆ ದೋಣಿ ಥರ ತೇಲ್ತಾ ಇತ್ತು, ಹೆಂಡತಿ ಅದನ್ನ ನೋಡಿ ನಕ್ಕುಬಿಟ್ಲು, ಅಳೋಕೂ ಆಗದಷ್ಟು ಸುಸ್ತು. ಇನ್ನೂ ಸಸ್ತಾ ಅಂತ ಬದ್ಲಾಪುರಕ್ಕೆ ಹೋಗೋರಿಗೂ ಇದೇ ಮಾತು, ಅದೇ ನದಿ ಅಲ್ಲೂ ಹರಿಯುತ್ತೆ, 2019ರ ಜುಲೈನಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಾವಿರಕ್ಕೂ ಮಿಕ್ಕಿ ಜನರನ್ನ ಇಟ್ಕೊಂಡು ನಡು ನೀರಲ್ಲಿ ನಿಂತಿದ್ದು ಅಲ್ಲೇ ಪಕ್ಕದಲ್ಲಿ, ಬದ್ಲಾಪುರ ಮತ್ತೆ ವಾಂಗಣಿ ನಡುವೆ.

ಆದ್ರಿಂದ ಈಸ್ಟಲ್ಲಿ, ಸ್ಟೇಷನ್ನಿಂದ ನಡೆಯೋ ದೂರದಲ್ಲಿ, ಹಳೇದಾದ್ರೂ ಪರವಾಗಿಲ್ಲ, ಎರಡನೇ ಮಹಡಿ. ಲಿಫ್ಟ್ ಇದೆಯಾ ನೋಡ್ಕೊಳ್ಳಿ, ತಾಯಿ ಇದ್ದಾರಲ್ಲ.

ಪ್ರಶ್ನೆ: ಊರು ಮುಳುಗ್ತಾ ಇದೆ, ಟ್ರೇನಲ್ಲಿ ಸಾಯ್ತಾರೆ, ನೀರಿಲ್ಲ ಅಂತ ನೀವೇ ಬರೀತೀರಿ. ಮತ್ತೆ ಯಾಕೆ ಎಲ್ರನ್ನೂ ಅಲ್ಲಿಗೆ ಕರೀತೀರಿ, ಬೆಂಗಳೂರಿಗೆ ಹೋಗಿ ಅಂತ ಹೇಳ್ಬಾರ್ದಾ?
— ಬೆಂಗಳೂರಿಂದ

ಉತ್ತರ: ನೀವು ಸಿಲ್ಕ್ ಬೋರ್ಡಲ್ಲಿ ನಿಂತು ಟೈಪ್ ಮಾಡಿದ್ದೀರಿ ಅಂತ ಅನ್ಸುತ್ತೆ. ಸಿಗ್ನಲ್ ಬಿಟ್ಟ ಮೇಲೆ ಮಾತಾಡೋಣ.

ಪ್ರಶ್ನೆ: ಕಲ್ಯಾಣ್ ಗ್ರಾಮೀಣ ಕಡೆ ಒಂದು ಹೊಸ ಬಿಲ್ಡಿಂಗಲ್ಲಿ ಒನ್ ಬಿಎಚ್‌ಕೆ 24 ಲಕ್ಷಕ್ಕೆ ಕೊಡ್ತೀನಿ ಅಂತಾರೆ. ಸುತ್ತಮುತ್ತ ಅದೇ ಸೈಜಿಗೆ 38-40 ಇದೆ. ರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡೋ ಸರಕಾರಿ ಪ್ರಾಧಿಕಾರ) ನಂಬರ್ ಇದೆ, ಪೇಪರ್ ಎಲ್ಲಾ ತೋರಿಸಿದ್ರು. ಹನ್ನೆರಡು ವರ್ಷ ಕ್ಯಾಂಟೀನ್ ನಡೆಸಿ ಕೂಡಿಟ್ಟ ದುಡ್ಡು. ತಗೊಳ್ಲಾ?
— ಕಾರ್ಕಳ ಮೂಲ, ಈಗ ಭಾಂಡುಪ್

ಉತ್ತರ: ಇವತ್ತು ಟೋಕನ್ ಕೊಡ್ಬೇಡಿ. ಉಳಿದಿದ್ದು ಓದಿ ಆಮೇಲೆ ಯೋಚ್ನೆ ಮಾಡಿ.

ಪಕ್ಕದ ಬಿಲ್ಡಿಂಗಿಗಿಂತ ಹದಿನೈದು ಲಕ್ಷ ಕಡಿಮೆಗೆ ಯಾರೂ ಪುಣ್ಯಕ್ಕೆ ಮನೆ ಕೊಡಲ್ಲ ಮಾರಾಯ್ರೆ. ರೇರಾ ನಂಬರ್ ಇದೆ ಅಂತ ಧೈರ್ಯ ಬಂದಿದೆ ಅಲ್ವಾ ನಿಮಗೆ, ಆ ಧೈರ್ಯನೇ ಅಲ್ಲಿ ಮಾರಾಟ ಆಗಿದ್ದು. ಡೊಂಬಿವಲಿ ಸುತ್ತ 65 ಕಟ್ಟಡಗಳ ಕೇಸು ಕೇಳಿರ್ಬೇಕು. ಕಲ್ಯಾಣ್-ಡೊಂಬಿವಲಿ ಪಾಲಿಕೆಯ ಅನುಮತಿ ಪತ್ರನೇ ಖೋಟಾ ಮಾಡಿ, ಸೀಲು ಸಹಿ ಎಲ್ಲಾ ಖೋಟಾ, ಅದನ್ನ ತೋರಿಸಿ ಮಹಾರೇರಾದಲ್ಲಿ ನಿಜವಾದ ನಂಬರೇ ತಗೊಂಡಿದ್ರು. ನಂಬರ್ ಅಸಲಿ, ಅದರ ಬುಡದಲ್ಲಿರೋ ಕಾಗದ ನಕಲಿ. ಜನ ಬ್ಯಾಂಕ್ ಸಾಲ ತಗೊಂಡು ಮನೆ ಕೊಂಡ್ರು, ಗೃಹಪ್ರವೇಶ ಮಾಡಿದ್ರು, 2024ರ ನವೆಂಬರಲ್ಲಿ ಹೈಕೋರ್ಟ್ ಕೆಡವಿ ಅಂತ ಹೇಳ್ತು. ನಾಲಾಸೋಪಾರ ಈಸ್ಟಲ್ಲಿ 41 ಬಿಲ್ಡಿಂಗ್, ಅದು ಪಾಲಿಕೆ ಕೊಳಚೆ ನೀರಿನ ಘಟಕಕ್ಕೆ, ಕಸದ ಜಾಗಕ್ಕೆ ಅಂತ ಮೀಸಲಿಟ್ಟಿದ್ದ ನೆಲ, 2025ರ ಶುರುವಿನಲ್ಲಿ ಪೊಲೀಸ್ ಕಾವಲಲ್ಲಿ ಕೆಡವಿ ಮುಗಿಸಿದ್ರು, ಎರಡು ಸಾವಿರಕ್ಕೂ ಹೆಚ್ಚು ಸಂಸಾರ ಬೀದಿಗೆ ಬಂತು. ಅದೇ ವರ್ಷ ಆಗಸ್ಟಲ್ಲಿ ವಿರಾರಲ್ಲಿ ಒಂದು ನಾಲ್ಕು ಮಹಡಿ ಅನಧಿಕೃತ ಕಟ್ಟಡ ರಾತ್ರೋರಾತ್ರಿ ಕುಸಿದು 17 ಜನ ಹೋದ್ರು. ಕಾಗದ ಸರಿ ಇಲ್ಲದವನು ಸಿಮೆಂಟ್ ಮಾತ್ರ ಸರಿ ಹಾಕ್ತಾನೆ ಅಂತ ಹೇಗೆ ನಂಬೋದು.

ಹಾಗಾದ್ರೆ ಏನ್ ಮಾಡೋದು. ರೇರಾ ವೆಬ್‌ಸೈಟಲ್ಲಿ ಪ್ರಾಜೆಕ್ಟ್ ತೆಗೆದು ಅದರಲ್ಲಿ ಹಾಕಿರೋ ಸಿಸಿ, ಅಂದ್ರೆ ಕಟ್ಟೋಕೆ ಕೊಟ್ಟ ಅನುಮತಿ ಪತ್ರ, ಅದರ ನಂಬರು ತಾರೀಖು ಬರ್ಕೊಂಡು ಪಾಲಿಕೆಯ ನಗರ ರಚನಾ ಆಫೀಸಿಗೆ ನೀವೇ ಹೋಗಿ, ಇದು ನಿಮ್ಮ ರಿಜಿಸ್ಟರಲ್ಲಿ ಇದೆಯಾ ಅಂತ ಕೇಳಿ. ಒಂದು ದಿನದ ಕ್ಯಾಂಟೀನ್ ಬಂದ್ ಆಗುತ್ತೆ, ಆಗ್ಲಿ. ಜಾಗದ ಸಾತ್‌ಬಾರಾ, ಅಂದ್ರೆ ನಮ್ಮ ಪಹಣಿ, ಆನ್‌ಲೈನಲ್ಲೇ ಸಿಗುತ್ತೆ, ಅದರಲ್ಲಿ ಬಿಲ್ಡರ್ ಹೆಸರಾದ್ರೂ ಇರ್ಬೇಕು ಇಲ್ಲಾ ಜಮೀನಿನವನ ಜೊತೆ ಮಾಡ್ಕೊಂಡ ಕರಾರಾದ್ರೂ ಇರ್ಬೇಕು, ಸರಕಾರದ್ದೋ ಅರಣ್ಯದ್ದೋ ಹೆಸರು ಇದ್ರೆ ಅಲ್ಲಿಂದಲೇ ಎದ್ದು ಬನ್ನಿ. ಮನೆ ರೆಡಿ ಇದೆ ಅಂತಿದ್ರೆ ಓಸಿ, ಅಂದ್ರೆ ವಾಸಕ್ಕೆ ಸರಿ ಇದೆ ಅಂತ ಪಾಲಿಕೆ ಕೊಡೋ ಪತ್ರ, ಕೇಳಿ. ಓಸಿ ಬರುತ್ತೆ, ಫೈಲ್ ಮೂವ್ ಆಗಿದೆ, ಮುಂದಿನ ತಿಂಗಳು ಅನ್ನೋ ಮಾತೆಲ್ಲ ಓಸಿ ಇಲ್ಲ ಅಂತಲೇ ಅರ್ಥ, ಓಸಿ ಇಲ್ಲದ ಬಿಲ್ಡಿಂಗಿಗೆ ಪಾಲಿಕೆ ನೀರಿನ ಕನೆಕ್ಷನ್ನೇ ಒದ್ದಾಟ, ಜೀವಮಾನ ಟ್ಯಾಂಕರ್. ಸರಕಾರಿ ಬ್ಯಾಂಕಿಗೆ ಹೋಗಿ ಈ ಪ್ರಾಜೆಕ್ಟಿಗೆ ಲೋನ್ ಕೊಡ್ತೀರಾ ಕೇಳಿ, ನಿಮಗೆ ಲೋನ್ ಬೇಡದಿದ್ರೂ ಕೇಳಿ. ಅವ್ರು ಮುಖ ತಿರುಗಿಸಿದ್ರೆ ನೀವೂ ತಿರುಗಿಸಿ, ಆದ್ರೆ ಲೋನ್ ಕೊಟ್ರು ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ, ಆ 65ರಲ್ಲೂ ಸಾಲ ಕೊಟ್ಟವ್ರು ಇದ್ದಾರೆ.

ಖರ್ಚಿನ ಲೆಕ್ಕ ಒಂದಿಷ್ಟು. ಕಲ್ಯಾಣ್, ಠಾಣೆ, ನವಿ ಮುಂಬೈ ಕಡೆ ಸ್ಟ್ಯಾಂಪ್ ಡ್ಯೂಟಿ 7 ಪರ್ಸೆಂಟ್, ಹೆಂಡತಿ ಒಬ್ಬಳ ಹೆಸರಲ್ಲಿ ಮಾಡಿದ್ರೆ ಒಂದು ಪರ್ಸೆಂಟ್ ಉಳಿಯುತ್ತೆ (ಮನೆಯಲ್ಲಿ ಮಾತಿಗೂ ತೂಕ ಬರುತ್ತೆ, ಅವ್ರ ಮಾತಿಗೆ), ರಿಜಿಸ್ಟ್ರೇಷನ್ ಒಂದು ಪರ್ಸೆಂಟ್, 30 ಸಾವಿರ ದಾಟಲ್ಲ. ಕಟ್ತಾ ಇರೋ ಮನೆಗೆ ಜಿಎಸ್‌ಟಿ, 45 ಲಕ್ಷದೊಳಗೆ 60 ಚದರ ಮೀಟರ್ ಕಾರ್ಪೆಟ್ ಏರಿಯಾ (ಗೋಡೆಯೊಳಗಿನ ಅಳತೆ) ಒಳಗಿದ್ರೆ 1 ಪರ್ಸೆಂಟ್, ಮೇಲೆ ಹೋದ್ರೆ 5, ಓಸಿ ಬಂದ ಮೇಲೆ ಕೊಂಡ್ರೆ ಜಿಎಸ್‌ಟಿನೇ ಇಲ್ಲ. ನನ್ನ ಮಾತು ಕೇಳೋದಾದ್ರೆ ಈ 24 ಲಕ್ಷದ ಹೊಸ ಮನೆ ಬಿಟ್ಟು, ಅದೇ ಏರಿಯಾದಲ್ಲಿ ಹತ್ತು-ಹದಿನೈದು ವರ್ಷ ಹಳೇ, ಸೊಸೈಟಿ, ಅಂದ್ರೆ ಬಿಲ್ಡಿಂಗಿನ ಮನೆಯವ್ರ ಸಂಘ, ರಿಜಿಸ್ಟರ್ ಆಗಿರೋ, ಓಸಿ ಇರೋ ಬಿಲ್ಡಿಂಗಲ್ಲಿ ರೀಸೇಲ್ ಹುಡುಕಿ. ಟೈಲ್ಸ್ ಹಳೇದಿರುತ್ತೆ, ಲಾಬಿಯಲ್ಲಿ ಫೌಂಟನ್ ಇರಲ್ಲ, ಆದ್ರೆ ಬುಲ್ಡೋಜರೂ ಬರಲ್ಲ. ಕೊಳ್ಳೋ ಮುಂಚೆ ಅದೇ ಬೀದಿಯಲ್ಲಿ ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿದ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ಮಂಗಳೂರಲ್ಲಿ ಸಣ್ಣ ಹೋಟೆಲ್ ಇದೆ. ನವಿ ಮುಂಬೈ ಏರ್‌ಪೋರ್ಟ್ ಶುರುವಾಯ್ತಲ್ಲ, ಉಲ್ವೆಯಲ್ಲಿ ಒಂದು ಗಾಲಾ (ಅಂಗಡಿ ಮಳಿಗೆ), ಒಂದು ಫ್ಲ್ಯಾಟ್ ಮಾಡಿ ಅಲ್ಲೇ ಸೆಟ್ಲ್ ಆಗುವ ಅಂತ ಯೋಚನೆ. ಈಗ ಹೋಗುದಾ, ಇನ್ನು ಕಾಯುದಾ?
— ಹೋಟೆಲಿನವ, ಕದ್ರಿ

ಉತ್ತರ: ಉಲ್ವೆ ಬೆಳೆಯುತ್ತೆ, ಅದ್ರಲ್ಲಿ ಡೌಟಿಲ್ಲ. 2024ರ ಜನವರಿಯಲ್ಲಿ ಒಂದೇ ದಿನ ಸಮುದ್ರದ ಮೇಲಿನ ಅಟಲ್ ಸೇತುನೂ ಉರಣ್ ರೈಲೂ ಉದ್ಘಾಟನೆ ಆಯ್ತು, 2025ರ ಡಿಸೆಂಬರಲ್ಲಿ ಏರ್‌ಪೋರ್ಟಿಂದ ವಿಮಾನ ಹಾರ್ತು. ಆದ್ರೆ ರೇಟು ಇದಕ್ಕೆಲ್ಲ ಹತ್ತು ವರ್ಷ ಮುಂಚೆಯೇ ಹಾರಿತ್ತು. ಏರ್‌ಪೋರ್ಟ್ ಬಂತು ಇನ್ನು ಡಬಲ್ ಆಗುತ್ತೆ ಅನ್ನೋರಿಗೆ ಕೇಳಿ, ನೀವು ಯಾವಾಗ ಕೊಂಡ್ರಿ ಅಂತ. ಅಟಲ್ ಸೇತು 21.8 ಕಿಲೋಮೀಟರ್, ಮುಂಬೈ ಕಡೆಯ ಶಿವ್ಡಿಗೆ ಇಪ್ಪತ್ತು ನಿಮಿಷ, ಒಪ್ಪಿದೆ, ಆದ್ರೆ ಶುರುವಿಂದ ಕಾರಿಗೆ ಒಂದು ಸಲಕ್ಕೆ 250 ರೂಪಾಯಿ ಟೋಲು, ದಿನಾ ಹೋಗಿ ಬರೋನು ಸಸ್ತಾ ಮನೆ ಹುಡುಕೋನಲ್ಲ. ಬಡವರ ಸೇತುವೆ ಅಂದ್ರೆ ಖಾರ್ಕೋಪರ್, ಬಾಮಣ್‌ಡೋಂಗ್ರಿ ಸ್ಟೇಷನ್ನು, ಅಲ್ಲಿ ಗಾಡಿ ಮಿಸ್ ಆದ್ರೆ ಕೂತು ಎರಡು ಚಾ ಕುಡೀಬಹುದು, ಬಾಕಿ ಮುಂಬೈ ಥರ ಮೂರು ನಿಮಿಷಕ್ಕೊಂದು ಬರಲ್ಲ.

ಅಲ್ಲಿ ಹೋಟೆಲ್ ಮಾಡೋ ಮುಂಚೆ ಆ ನೆಲದ ಕತೆ ತಿಳ್ಕೊಂಡಿರಿ, ಗಿರಾಕಿ ಜೊತೆ ಮಾತಾಡೋಕಾದ್ರೂ ಬೇಕು. ಸಿಡ್ಕೊ, ಅಂದ್ರೆ ಸರಕಾರದ ಊರು ಕಟ್ಟೋ ಸಂಸ್ಥೆ, 1970ರಲ್ಲಿ ಹುಟ್ಟಿ ಖಾಡಿಯಾಚೆಯ ಹಳ್ಳಿಗಳ ಜಮೀನು ತಗೊಂಡು ನವಿ ಮುಂಬೈ ಕಟ್ಟೋಕೆ ಶುರು ಮಾಡ್ತು. ಪರಿಹಾರ ಕಡಿಮೆ ಅಂತ ಅಲ್ಲಿನ ರೈತ, ಮೀನುಗಾರ ಸಮುದಾಯದ ಆಗ್ರಿ, ಕೋಳಿ ಜನ ಎದ್ದು ನಿಂತ್ರು, 1984ರ ಜನವರಿಯಲ್ಲಿ ಜಾಸಯಿ ಹತ್ರ ಪೊಲೀಸ್ ಗೋಲಿಬಾರಿಗೆ ಐದು ಜನ ಸತ್ರು. ಆ ಹೋರಾಟದ ಮುಂದಾಳು ದಿನಕರ ಬಾಳು (ದಿ. ಬಾ.) ಪಾಟೀಲ್, ಏರ್‌ಪೋರ್ಟಿಗೆ ಅವರ ಹೆಸರೇ ಇಡ್ಬೇಕು ಅಂತ ಅಲ್ಲಿನ ಜನ ಬೀದಿಗಿಳಿದಿದ್ದು ಅದಕ್ಕೇ. ಅದರ ಫಲವಾಗಿ ಬಂದಿದ್ದು ಸಾಡೇಬಾರಾ ಟಕ್ಕೆ ಸ್ಕೀಮು, ಜಮೀನು ಕೊಟ್ಟವ್ರಿಗೆ ಅದರ ಹನ್ನೆರಡೂವರೆ ಪರ್ಸೆಂಟಿನಷ್ಟು ಬೆಳೆಸಿದ ಪ್ಲಾಟ್ ವಾಪಸ್. ಉಲ್ವೆಯಲ್ಲಿ ನೀವು ನೋಡೋ ಬಹಳಷ್ಟು ಬಿಲ್ಡಿಂಗು ಅಂಥ ಪ್ಲಾಟಿನ ಮೇಲೆಯೇ ನಿಂತಿರೋದು, ಒಂದು ಪ್ಲಾಟಿಗೆ ಅಣ್ಣತಮ್ಮ ಅಕ್ಕತಂಗಿ ಸೇರಿ ಹತ್ತು ವಾರಸುದಾರರು, ಅದರಲ್ಲಿ ಒಬ್ಬ ಸೈನ್ ಹಾಕಿರದಿದ್ರೆ ನಾಳೆ ಕೇಸು ನಿಮ್ಮ ತಲೆ ಮೇಲೆ. ಸಿಡ್ಕೊ ಜಾಗ ಸ್ವಂತದ್ದಲ್ಲ, ಲೀಸು, ಸಾಮಾನ್ಯವಾಗಿ 60 ವರ್ಷದ್ದು, ಮಾರುವಾಗ ಸಿಡ್ಕೊಗೆ ಟ್ರಾನ್ಸ್‌ಫರ್ ಚಾರ್ಜ್ ಕಟ್ಟೋದಿರುತ್ತೆ, ಇದನ್ನೂ ಲೆಕ್ಕಕ್ಕೆ ಹಿಡೀರಿ.

ನನ್ನ ಸಲಹೆ, ಗಾಲಾ ಬಾಡಿಗೆಗೆ ಹಿಡೀರಿ, ಇಡ್ಲಿ-ವಡೆಗೆ ಜನ ಬರ್ತಾರಾ ನೋಡಿ, ಹಾಗೇ ಮನೆ ಪನ್ವೇಲ್ ಇಲ್ಲಾ ಕಾಮೋಠೆಯಲ್ಲಿ ಮಾಡಿ. ಮಂಗಳೂರಿನ ಮತ್ಸ್ಯಗಂಧ ರೈಲು ಪನ್ವೇಲಲ್ಲಿ ನಿಲ್ಲುತ್ತೆ, ಕೆಲಸದ ಹುಡುಗ್ರು ಊರಿಂದ ಸೀದಾ ಇಳೀತಾರೆ, ಅತ್ತೆ ಕಳಿಸೋ ಹಲಸಿನ ಹಪ್ಪಳದ ಡಬ್ಬನೂ ಇಳಿಯುತ್ತೆ. ಪನ್ವೇಲಿಂದ ಸಿಎಸ್‌ಎಂಟಿಗೆ ಲೋಕಲ್ ಅಲ್ಲಿಂದಲೇ ಹೊರಡುತ್ತೆ, ಸೀಟು ಗ್ಯಾರಂಟಿ, ಬರೀ ಎಂಬತ್ತು ನಿಮಿಷ ಕೂರೋ ತಾಳ್ಮೆ ಬೇಕು. ತಳೋಜಾ ಇನ್ನೂ ಸಸ್ತಾ, 2023ರ ನವೆಂಬರಿಂದ ಬೇಲಾಪುರ–ಪೇಂಧರ್ ಮೆಟ್ರೋನೂ ಇದೆ, ಆದ್ರೆ ರಾತ್ರಿ ಹೊತ್ತು ಗಾಳಿ ಈ ಕಡೆ ಬೀಸಿದ್ರೆ ಎಂಐಡಿಸಿ ವಾಸನೆ. ಹೋಗೋದಾದ್ರೆ ಹಗಲು ಮನೆ ನೋಡ್ಬೇಡಿ, ರಾತ್ರಿ ಹತ್ತಕ್ಕೆ ನೋಡಿ.

ಪ್ರಶ್ನೆ: ಐರೋಲಿಯಲ್ಲಿ ನೈಟ್ ಶಿಫ್ಟ್ ಕೆಲಸ. ಘಣ್ಸೋಲಿಯಲ್ಲಿ ಓನರ್ ಓಕೆ ಅಂದಿದ್ದಾರೆ, ಆದ್ರೆ ಸೊಸೈಟಿಯವ್ರು ಒಂಟಿ ಹುಡುಗಿಗೆ ಮನೆ ಇಲ್ಲ, ಎನ್‌ಓಸಿ (ಒಪ್ಪಿಗೆ ಪತ್ರ) ಕೊಡಲ್ಲ ಅಂತಾರೆ. ಏನ್ ಮಾಡ್ಲಿ ಸರ್?
— ಶಿವಮೊಗ್ಗದ ಹುಡುಗಿ

ಉತ್ತರ: ತಂಗಿ, ಬಾಡಿಗೆಗೆ ಕೊಡೋಕೆ ಸೊಸೈಟಿಯ ಪರ್ಮಿಷನ್ ಬೇಕಿಲ್ಲ, ಓನರ್ ತಿಳಿಸಿದ್ರೆ ಸಾಕು, ಮಹಾರಾಷ್ಟ್ರದ ಮಾದರಿ ಬೈಲಾದಲ್ಲೇ ಹಾಗಿದೆ. ಅವ್ರು ಓನರ್ ಹತ್ರ ವಸೂಲಿ ಮಾಡೋ ನಾನ್ ಆಕ್ಯುಪೆನ್ಸಿ ಚಾರ್ಜೂ (ತಾನಿರದೆ ಬಾಡಿಗೆಗೆ ಕೊಟ್ಟಿದ್ದಕ್ಕೆ ಹಾಕೋ ದುಡ್ಡು) ಸರ್ವಿಸ್ ಚಾರ್ಜಿನ 10 ಪರ್ಸೆಂಟ್ ದಾಟಂಗಿಲ್ಲ. ಆದ್ರೆ ಕಾನೂನು ನಿನ್ನ ಕಡೆ ಇದೆ ಅಂತ ದಿನಾ ಲಿಫ್ಟಲ್ಲಿ ಸೆಕ್ರೆಟರಿ ಮುಖ ನೋಡೋದು ಸುಖ ಅಲ್ಲ. ರಿಜಿಸ್ಟರ್ ಅಗ್ರಿಮೆಂಟ್, ಪೊಲೀಸ್ ವೆರಿಫಿಕೇಶನ್, ಕಂಪನಿ ಲೆಟರ್ ಮೂರನ್ನೂ ಓನರ್ ಕೈಲೇ ಕಮಿಟಿಗೆ ಕೊಡ್ಸು, ಒಂದು ಸಲ ಅಪ್ಪ-ಅಮ್ಮನ ಕರ್ಕೊಂಡು ಬಂದು ಸೆಕ್ರೆಟರಿ ಮನೆಯಲ್ಲಿ ಚಾ ಕುಡಿ. ಅರ್ಧ ಜಗಳ ಚಾದಲ್ಲೇ ಮುಗಿಯುತ್ತೆ, ಬೇಜಾರಿನ ಮಾತು ಆದ್ರೂ ನಿಜ. ಮುಗೀದಿದ್ರೆ ಕೋಪರ್‌ಖೈರಣೆಯ ಸಿಡ್ಕೊ ರೋ ಹೌಸ್ ನೋಡು, ಅಲ್ಲಿ ಕೆಳಗೆ ಓನರ್ ಸಂಸಾರ ಇರುತ್ತೆ ಮೇಲೆ ಬಾಡಿಗೆ ಕೊಡ್ತಾರೆ, ಸೊಸೈಟಿ ಕಾಟ ಕಡಿಮೆ, ಐರೋಲಿಗೆ ಅದೇ ಠಾಣೆ ಕಡೆಯ ಟ್ರಾನ್ಸ್ ಹಾರ್ಬರ್ ಲೋಕಲ್ ಗಾಡಿ. ನೈಟ್ ಶಿಫ್ಟಿಗೆ ಕಂಪನಿ ಕ್ಯಾಬ್ ಮನೆ ಬಾಗಿಲ ತನಕ ಬರುತ್ತಾ ಅನ್ನೋದನ್ನ ಮಾತ್ರ ಮೊದ್ಲೇ ಬರವಣಿಗೆಯಲ್ಲಿ ಕೇಳ್ಕೊ.

ಪ್ರಶ್ನೆ: ನನಗೆ 71. ಮಾಟುಂಗದ ಪಗಡಿ ಖೋಲಿಯಲ್ಲಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಕಾಯಂ ಹಿಡಿದ ರೂಮು) 44 ವರ್ಷದಿಂದ ಇದ್ದೇನೆ. ಮಗ ಇದನ್ನು ಬಿಟ್ಟುಕೊಟ್ಟು ಬಂದ ದುಡ್ಡಲ್ಲಿ ಖಾರ್ಘರಿನಲ್ಲಿ ಟು ಬಿಎಚ್‌ಕೆ ತೆಗೆಯುವ ಅಂತಾನೆ. ಸೊಸೆಗೂ ಅದೇ ಇಷ್ಟ. ನನಗೆ ಮನಸ್ಸಿಲ್ಲ. ನಾನು ಹಠ ಮಾಡ್ತಾ ಇದ್ದೇನಾ?
— ಹಿರಿಯ ಓದುಗ, ಮಾಟುಂಗ

ಉತ್ತರ: ಮಾವ, ಹಠ ಅಲ್ಲ, ಆದ್ರೆ ಮಗನ ಮಾತೂ ತೆಗೆದುಹಾಕೋ ಹಾಗಿಲ್ಲ. 180 ಚದರಡಿಯಲ್ಲಿ ಸೊಸೆ ಬಟ್ಟೆ ಬದಲಾಯಿಸೋಕೆ ಎಲ್ಲರೂ ಹೊರಗೆ ಹೋಗಿ ನಿಲ್ಲೋ ಸಂಸಾರ ನಾನೂ ನೋಡಿದೀನಿ.

ದುಡ್ಡಿನ ಮಾತು ಮೊದ್ಲು. ಪಗಡಿ ಬಿಟ್ರೆ ಬರೋ ದುಡ್ಡಲ್ಲಿ ಮನೆ ಮಾಲಕನ ಪಾಲು ದೊಡ್ಡದು, ಮೂರರಲ್ಲೊಂದು ಭಾಗದ ಹತ್ರ ಕೇಳೋದು ರೂಢಿ, ಅದು ಕಳೆದು ಉಳಿದಿದ್ದೆಷ್ಟು ಅಂತ ಮಗನಿಗೆ ಕೂಡಿಸೋಕೆ ಹೇಳಿ. ನಿಮ್ಮ ಬಿಲ್ಡಿಂಗ್ ಸೆಸ್ (ಹಳೇ ಕಟ್ಟಡಗಳ ರಿಪೇರಿಗೆ ಅಂತ ತಗೊಳ್ಳೋ ತೆರಿಗೆ) ಕಟ್ಟೋ ಹಳೇ ಬಿಲ್ಡಿಂಗಾದ್ರೆ ಇವತ್ತಲ್ಲ ನಾಳೆ ರೀಡೆವಲಪ್‌ಮೆಂಟ್ ಆಗುತ್ತೆ, ಆಗ ಬಾಡಿಗೆದಾರನಿಗೆ ಅದೇ ಜಾಗದಲ್ಲಿ ಸ್ವಂತ ಮನೆ ಸಿಗುತ್ತೆ. ಇದನ್ನ ಬಿಟ್ಟುಕೊಟ್ಟ ಮೇಲೆ ಮಾಟುಂಗಕ್ಕೆ ವಾಪಸ್ ಬರೋ ದಾರಿ ನಿಮ್ಮ ಮೊಮ್ಮಗನಿಗೂ ಇರಲ್ಲ.

ನಾನು ಹೇಳೋದು ಇಷ್ಟೆ, ಖೋಲಿ ಬಿಡ್ಬೇಡಿ. ಅದಕ್ಕೆ ಬೀಗ ಹಾಕಿಟ್ರೂ ಕಷ್ಟ, ಇಲ್ಲಿ ಇಲ್ಲ ಅಂತ ಮಾಲಕ ಕೇಸ್ ಹಾಕ್ತಾನೆ, ಹಾಗಾಗಿ ನೀವು ಅಲ್ಲೇ ಇರಿ, ಮಗ ಸೊಸೆ ಖಾರ್ಘರಲ್ಲಿ ಒಂದು ವರ್ಷ ಬಾಡಿಗೆಗೆ ಇರ್ಲಿ, ನಮ್ಮ ಸೆಕ್ಟರಲ್ಲೇ ಬೇಕಾದಷ್ಟು ಖಾಲಿ ಇದಾವೆ. ರಸ್ತೆ ಅಗಲ, ಮುಂದೆ ಗುಡ್ಡ, ಮಳೆಗಾಲದಲ್ಲಿ ಪಾಂಡವ್‌ಕಡಾ ಜಲಪಾತ ಬಾಲ್ಕನಿಯಿಂದ ಬಿಳಿ ಗೆರೆ ಥರ ಕಾಣುತ್ತೆ, ಟಾಟಾದವ್ರ ಕ್ಯಾನ್ಸರ್ ಆಸ್ಪತ್ರೆನೂ ಇಲ್ಲೇ ಇದೆ. ಇಲ್ಲದೇ ಇರೋದು ನಿಮ್ಮ ಮಾಟುಂಗ. ಬೆಳಿಗ್ಗೆ ಹೂವಿನ ಸಾಲು, ಮೈಸೂರು ಅಸೋಸಿಯೇಷನ್ನಿನ ಸಂಜೆ ಕಾರ್ಯಕ್ರಮ, ಸ್ಟೇಷನ್ ಎದುರು ರಾಮ ನಾಯಕರ ಊಟದ ಎಲೆ, ಅದ್ಯಾವುದೂ ಸಿಡ್ಕೊ ಪ್ಲಾನಲ್ಲಿ ಬಂದಿಲ್ಲ. ಮೊದಲ ವರ್ಷ ನಾನೂ ಪ್ರತಿ ಭಾನುವಾರ ಬರೀ ಫಿಲ್ಟರ್ ಕಾಫಿಗೆ ಅಂತ ಕಿಂಗ್ಸ್ ಸರ್ಕಲ್ ತನಕ ಹೋಗಿ ಬರ್ತಿದ್ದೆ, ವಡಾಲದಲ್ಲಿ ಗಾಡಿ ಬದಲಾಯಿಸಿ.

ಒಂದು ಶನಿವಾರ ಬನ್ನಿ ಮಾವ, ಸೊಸೆನ ಜೊತೆಗೆ ಕರ್ಕೊಂಡು ಬನ್ನಿ, ಮಗ ಬೇಡ. ಹನ್ನೊಂದರ ಮೇಲೆ ಹೊರಡಿ, ಗಾಡಿ ಖಾಲಿ ಇರುತ್ತೆ. ಮನೆ ವಿಳಾಸ ಪತ್ರಿಕೆ ಆಫೀಸಲ್ಲಿ ಕೊಟ್ಟಿರ್ತೀನಿ, ಸ್ಟೇಷನ್ನಿಂದ ರಿಕ್ಷಾದವನು ಮೀಟರ್ ಹಾಕಲ್ಲ ಅಂದ್ರೆ ಶೇರ್ ರಿಕ್ಷಾ ಹಿಡೀರಿ.